ಜತ್ತದ ಬಾವಿಗಳೂ ಕಿಡಿ ಹೊತ್ತದ ಇಂಜಿನ್‌ಗಳೂ

ಸಾಂಗಲಿ ಜಿಲ್ಲೆಯ ಪಶ್ಚಿಮ ಭಾಗಕ್ಕೆ ಕೃಷ್ಣೆ ಮತ್ತು ವಾರಣೆಯರ ನೀರು ಒದಗಿದರೆ, ಪೂರ್ವದ ತುದಿಯಲ್ಲಿ ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ಅಂಟಿಕೊಂಡಿರುವ ಜತ್ತ ತಾಲ್ಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿ ಉಳಿದು, ಜೋಳ ಸಜ್ಜೆಗಳನ್ನು ಮಳೆಗೂ ತೋಟವನ್ನು ಬಾವಿಗೂ ಒಪ್ಪಿಸಿ ಬದುಕುತ್ತ ಬಂದಿದೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ಪ್ರದೇಶ 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದು ಸೇರಿದ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. ಉಮದಿ, ಸಂಖ, ದಾನಮ್ಮ ದೇವಿಯ ಗುಡ್ಡಾಪುರಗಳ ಕಡೆ ಇಂದಿಗೂ ಕನ್ನಡವೇ ಮನೆಮಾತು. ಬಾವಿಯ ಇಂಜಿನ್ನಿನ ಮಾತಿಗೆ ದೋಣಿಯನ್ನು ತರುವುದು ವಿಚಿತ್ರವೆನಿಸಬಹುದು, ದೋಣಿಗೆ ಹೇಳಿದ ನೆಲ ಇದಲ್ಲ. ಆದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಮೋಟಾರಿಗೂ ಬಾವಿಯ ನೀರೆತ್ತುವ ಸಣ್ಣ ಇಂಜಿನ್‌ಗೂ ಒಡಲೊಳಗಿನ ಯಂತ್ರವಿದ್ಯೆ ಒಂದೇ, ಕಾಡುವ ರೋಗವೂ ಬಹುಮಟ್ಟಿಗೆ ಒಂದೇ: ಬೆಂಕಿ ಹಿಡಿಯದಿರುವುದು.

ಇಂಜಿನ್ ಬರುವ ಮೊದಲು ನೀರೆತ್ತುತ್ತಿದ್ದುದು ಕಪಿಲೆ, ಅಂದರೆ ಇಳಿಜಾರಿನಲ್ಲಿ ಎತ್ತುಗಳು ಮುಂದೆ ನಡೆದಂತೆ ಹಗ್ಗಕ್ಕೆ ಕಟ್ಟಿದ ಚರ್ಮದ ಚೀಲವು ಮೇಲೆ ಬಂದು ನೀರು ಸುರಿಯುವ ಏರ್ಪಾಡು; ಮರಾಠಿಯಲ್ಲಿ ಇದೇ ಮೋಟ್. ಇದರ ದೊಡ್ಡ ದೌರ್ಬಲ್ಯ ಬರಗಾಲದಲ್ಲಿ ಬಯಲಾಗುತ್ತಿತ್ತು. ಮೇವು ತೀರಿದಾಗ ಎತ್ತು ಮಾರಬೇಕು, ಎತ್ತು ಮಾರಿದ ಮೇಲೆ ಬಾವಿಯ ತಳದಲ್ಲಿ ಉಳಿದಿರುವ ನೀರೂ ಕೈಗೆ ಎಟುಕದು. ಕೆಲಸವಿಲ್ಲದ ದಿನ ಏನನ್ನೂ ತಿನ್ನದ ಇಂಜಿನ್ ಇಂಥ ನೆಲದ ರೈತನಿಗೆ ಹಿಡಿಸಿದ್ದು ವೇಗಕ್ಕಿಂತ ಹೆಚ್ಚಾಗಿ ಈ ಗುಣಕ್ಕೇ ಇರಬೇಕು.

ಈ ಭಾಗದ ಯಂತ್ರಗಳ ಕಥೆ ಕಿರ್ಲೋಸ್ಕರ ಎಂಬ ಹೆಸರನ್ನು ಬಿಟ್ಟು ಸಾಗದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರು, ಅಲ್ಲಿ ನೆಲೆ ತಪ್ಪಿದಾಗ, ಔಂಧ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಕೊಟ್ಟ ಬರಡು ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದು ಇಂದು ಸಾಂಗಲಿ ಜಿಲ್ಲೆಯೊಳಗೇ ಇದೆ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ನೇಗಿಲನ್ನೇ ಮುಟ್ಟಲು ಹಿಂಜರಿದಿದ್ದ ರೈತರ ಬಾವಿಗಳಿಗೆ ಮುಂದೆ ಅಲ್ಲಿಂದಲೇ ಪಂಪುಗಳು ಹೋದವು. 1946ರಲ್ಲಿ ಪುಣೆಯಲ್ಲಿ ಎಣ್ಣೆ ಇಂಜಿನ್‌ಗಳಿಗೆಂದೇ ಬೇರೆ ಕಂಪನಿ ಸ್ಥಾಪನೆಯಾಯಿತು.

ಎಣ್ಣೆ ಇಂಜಿನ್‌ಗಳ ಮೊದಲ ತಲೆಮಾರಿನಲ್ಲಿ ಕಿಡಿಯೂ ಇರಲಿಲ್ಲ, ಸ್ವಂತ ಬಿಸಿಯೂ ಸಾಲದು. ಸಿಲಿಂಡರಿನ ತಲೆಯ ಮೇಲಿನ ಲೋಹದ ಬುರುಡೆಯನ್ನು ಊದುದೀಪದಿಂದ ಹಲವು ನಿಮಿಷ ಕಾಯಿಸಿ, ಅದು ಕೆಂಪೇರಿದ ಮೇಲೆ ಚಕ್ರ ತಿರುಗಿಸಬೇಕಿತ್ತು. ಅದರ ಜಾಗಕ್ಕೆ ಬಂದ ಡೀಸೆಲ್ ಇಂಜಿನ್ ಗಾಳಿಯನ್ನು ಒತ್ತಿ ಒತ್ತಿಯೇ ಬೆಂಕಿ ಹುಟ್ಟಿಸುತ್ತದೆ. ಹೊಲಗಳಲ್ಲಿ ಬಹುಕಾಲ ಬಾಳಿದ ಕಿರ್ಲೋಸ್ಕರ್ ಎವಿ1 ಮಾದರಿಯನ್ನೇ ನೋಡಿದರೆ, 80 ಮಿಲಿಮೀಟರ್ ಅಗಲದ ಒಂಟಿ ಸಿಲಿಂಡರ್, ನಿಮಿಷಕ್ಕೆ 1500 ಸುತ್ತಿನಲ್ಲಿ 5 ಅಶ್ವಶಕ್ತಿ. ಒಳಗೆ ಎಳೆದುಕೊಂಡ ಗಾಳಿ ಹದಿನಾರೂವರೆಯಲ್ಲಿ ಒಂದು ಪಾಲಿಗೆ ಕುಗ್ಗಿ, ಎಣ್ಣೆ ತಾನಾಗಿ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಆದ್ದರಿಂದ ಇಂಜಿನ್ ಹತ್ತದಿದ್ದರೆ ಶಂಕೆಗೆ ಎರಡೇ ಗುರಿ: ಒಂದೋ ಎಣ್ಣೆ ಹೊಗುತ್ತಿಲ್ಲ, ಇಲ್ಲವೇ ಗಾಳಿ ಒತ್ತುತ್ತಿಲ್ಲ.

ಇವೆರಡನ್ನು ಬೇರ್ಪಡಿಸುವುದೇ ರಿಪೇರಿ ಮಾಡುವ ಮಿಸ್ತ್ರಿಯ ವಿದ್ಯೆ, ಮತ್ತು ಆ ವಿದ್ಯೆ ಕೈಯಲ್ಲಿ, ಕಿವಿಯಲ್ಲಿ ಇರುತ್ತಿತ್ತು. ಹ್ಯಾಂಡಲ್ ನಿಧಾನವಾಗಿ ತಿರುಗಿಸಿದಾಗ ಒತ್ತಡದ ಹಂತದಲ್ಲಿ ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿದರೆ ಗಾಳಿ ಸರಿಯಿದೆ. ಸಲೀಸಾಗಿ ದಾಟಿಹೋದರೆ ವಾಲ್ವ್ ಸೋರುತ್ತಿದೆ ಅಥವಾ ಪಿಸ್ಟನ್ನಿನ ಉಂಗುರ ಸವೆದಿದೆ. ಗಾಳಿ ಸೇರುವ ಬಾಯಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದಾಗ ಬಿಗಿ ಮರಳಿದರೆ ತಪ್ಪು ಉಂಗುರದ್ದೆಂದು ನಿಶ್ಚಯ. ಇಂಜೆಕ್ಟರಿನಿಂದ, ಅಂದರೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುವ ಮೂತಿಯಿಂದ, ಕರ್ರೆಂಬ ಸಣ್ಣ ಸದ್ದು ಕೇಳಿದರೆ ಎಣ್ಣೆ ಹೋಗುತ್ತಿದೆ. ಸದ್ದಿಲ್ಲ, ಹೊಗೆಯೂ ಇಲ್ಲ ಎಂದರೆ ಏರ್ ಹಿಡಿದಿದೆ, ಅಂದರೆ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದೆ, ಎನ್ನುತ್ತಿದ್ದರು. ಟ್ಯಾಂಕ್ ಬರಿದಾಗುವವರೆಗೆ ಓಡಿಸಿದ ಇಂಜಿನ್‌ಗೆ ಇದು ತಪ್ಪದು. ಅಳೆದು ಎಣ್ಣೆ ಹಾಕುವ ಬಡ ತೋಟಗಳಲ್ಲಿ ಬಲು ಸಾಮಾನ್ಯ. ಫಿಲ್ಟರಿನ ಸ್ಕ್ರೂ ಸಡಿಲಿಸಿದಾಗ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಎಣ್ಣೆಯ ಕಡಿಯದ ಎಳೆ. ಆಗ ಬಿಗಿದು, ಪಂಪಿನ ಬಳಿ, ಇಂಜೆಕ್ಟರಿನ ಕೊಳವೆಯ ಬಳಿ ಇದನ್ನೇ ಮಾಡಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಹಿಮ್ಮುಖವಾಗಿ ಒದ್ದರೆ ಮುರಿಯುವುದು ಹೆಬ್ಬೆರಳೇ.

ಬಾವಿಯ ಆಳ ಇನ್ನೊಂದು ತೊಡಕನ್ನು ತಂದಿತು. ಮೇಲೆ ಕುಳಿತ ಪಂಪ್ ಸುಮಾರು 7 ಮೀಟರಿಗಿಂತ ಕೆಳಗಿನ ನೀರನ್ನು ಹೀರಲಾರದು, ಏಕೆಂದರೆ ಹೀರುವುದೆಂದರೆ ವಾಸ್ತವವಾಗಿ ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುವುದು, ಆ ಭಾರಕ್ಕೊಂದು ಮಿತಿಯುಂಟು. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ಪಂಪನ್ನೂ ಅದರೊಡನೆ ಇಂಜಿನ್ನನ್ನೂ ಬಾವಿಯೊಳಗಿನ ಕಲ್ಲಿನ ಮೆಟ್ಟಿಲಿಗೆ ಇಳಿಸಬೇಕಾಗುತ್ತಿತ್ತು. ಅಲ್ಲಿ ತನ್ನ ಹೊಗೆಯನ್ನೇ ತಾನು ಉಸಿರಾಡುತ್ತ, ಗೋಡೆಯಿಂದ ಜಿನುಗುವ ತೇವದಲ್ಲಿ ನೆನೆಯುತ್ತ ದುಡಿಯುವ ಯಂತ್ರದ ಸ್ಥಿತಿ ಸಮುದ್ರದ ದೋಣಿಯ ಮೋಟಾರಿಗಿಂತ ಬೇರೆಯಾಗಿರಲಿಲ್ಲ.

ಆ ತೇವಕ್ಕೆ ಹೆಚ್ಚು ಸೋತದ್ದು ಡೀಸೆಲ್ ಅಲ್ಲ, ಕಿಡಿಯಿಂದ ಓಡುವ ಚಿಮಣಿ ಎಣ್ಣೆಯ ಹಗುರ ಪಂಪ್‌ಸೆಟ್ಟು. ಅದಕ್ಕೆ ಕಿಡಿ ಕೊಡುತ್ತಿದ್ದುದು ಮ್ಯಾಗ್ನೆಟೊ ಎಂಬ ಸಾಧನ. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ 1909ರ ಹೊತ್ತಿಗೆ ದೋಣಿಯ ಮೋಟಾರನ್ನು ಮಾರುಕಟ್ಟೆಗೆ ತಂದಾಗ ಬ್ಯಾಟರಿಯಿಲ್ಲದೆ ಕಿಡಿ ಕೊಡುವ ಮ್ಯಾಗ್ನೆಟೊ ಹೊಸದೇನಲ್ಲ. ರಾಬರ್ಟ್ ಬಾಷ್ 1887ರಲ್ಲೇ ಒಂದೆಡೆ ನಿಂತು ಓಡುವ ಇಂಜಿನ್‌ಗಾಗಿ ಅದನ್ನು ಮಾಡಿದ್ದನು, 1902ರಲ್ಲಿ ಅವನ ಕಾರ್ಖಾನೆಯಲ್ಲೇ ಸ್ಪಾರ್ಕ್ ಪ್ಲಗ್ಗಿಗೆ ಹೊಂದುವ ಹೆಚ್ಚಿನ ಒತ್ತಡದ ಮ್ಯಾಗ್ನೆಟೊ ಬಂತು. ಸಣ್ಣ ಇಂಜಿನ್‌ಗಳಲ್ಲಿ ಗಾಲಿಯೊಳಗಿನ ಆಯಸ್ಕಾಂತ ಸುರುಳಿಯನ್ನು ದಾಟುವಾಗ ಹುಟ್ಟುವ ವಿದ್ಯುತ್ತನ್ನು ಪಾಯಿಂಟ್‌ಗಳೆಂಬ ಎರಡು ಲೋಹದ ತುದಿಗಳು ಥಟ್ಟನೆ ಅಗಲಿ ಕಡಿಯುತ್ತವೆ, ಆ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅರ್ಧ ಮಿಲಿಮೀಟರಿಗೂ ತುಸು ಕಡಿಮೆಯಿರುವ ಆ ಸಂದಿಯಲ್ಲಿ ತೇವ, ಎಣ್ಣೆ, ಕಿಲುಬು ಯಾವುದು ಕೂತರೂ ಮಿಸ್ತ್ರಿಯ ಮಾತಿನಲ್ಲಿ ಕರೆಂಟ್ ಇಲ್ಲ. ಪ್ಲಗ್ ಬಿಚ್ಚಿ, ಅದರ ಮೈಯನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ, ಹಗ್ಗ ಎಳೆದು ನೋಡುವುದು ಪರೀಕ್ಷೆ: ನೀಲಿ ಕಿಡಿ ಒಳ್ಳೆಯದು, ಹಳದಿ ನಿಶ್ಶಕ್ತ. ಪಾಯಿಂಟ್‌ಗಳು ಪದೇಪದೇ ಸುಟ್ಟು ಕಪ್ಪಾದರೆ ತಪ್ಪು ಪಕ್ಕದ ಕಂಡೆನ್ಸರಿನದು. ಕಿಡಿ ಸರಿಯಿದ್ದೂ ಇಂಜಿನ್ ಒದೆಯುತ್ತಿದ್ದರೆ ಗಾಲಿಯ ಕೀಲಿ ತುಂಡಾಗಿ ಕಿಡಿಯ ವೇಳೆ ತಪ್ಪಿರುತ್ತದೆ. ಇದಲ್ಲದೆ ಚಿಮಣಿ ಎಣ್ಣೆ ತಣ್ಣಗಿರುವಾಗ ಆವಿಯಾಗದೆಂದು ಈ ಯಂತ್ರಗಳನ್ನು ಪೆಟ್ರೋಲಿನಲ್ಲಿ ಹತ್ತಿಸಿ, ಕಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕಿತ್ತು. ನಾಲ್ಕು ಹನಿ ಪೆಟ್ರೋಲ್ ಉಳಿಸಲು ಕೊನೆಯ ಹಂತ ಬಿಟ್ಟವನಿಗೆ ಮರುದಿನ ಬೆಳಿಗ್ಗೆ ನೆನೆದ ಪ್ಲಗ್ ಕಾದಿರುತ್ತಿತ್ತು.

ವಿದ್ಯುತ್ ಪಂಪು, ಅದರ ಹಿಂದೆ ಕೊಳವೆಬಾವಿ ಬಂದು ಇಂಜಿನ್ನಿನ ಕಾಲ ಮುಗಿಸಿದವು. ಬಾವಿಯೇ ಬತ್ತಿದಾಗ ಯಾವ ಯಂತ್ರವೂ ಉಪಯೋಗಕ್ಕೆ ಬಾರದೆಂದು 1972ರ ಬರ ತೋರಿಸಿತ್ತು. ಆದ್ದರಿಂದಲೇ ಕೃಷ್ಣೆಯ ನೀರನ್ನು ಹಂತಹಂತವಾಗಿ ಎತ್ತುವ ಮ್ಹೈಸಾಳ ಯೋಜನೆಯ ಕಡೆ ಪೂರ್ವ ಜತ್ತದ ಹಳ್ಳಿಗಳು ಕಣ್ಣಿಟ್ಟವು, ನೀರು ತಡವಾದಾಗ ಕರ್ನಾಟಕಕ್ಕೆ ಸೇರುವ ಮಾತನ್ನೂ ಎತ್ತಿದವು. ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಔಷಧ ಸಿಂಪಡಿಸುವ ಈಗಿನ ಸಣ್ಣ ಪೆಟ್ರೋಲ್ ಇಂಜಿನ್ನುಗಳಲ್ಲಿ ಹಳೆಯ ಪಾಯಿಂಟ್‌ಗಳಿಲ್ಲ. ಕಿಡಿಯ ವೇಳೆಯನ್ನು ಕಾಯುವುದು ಮುಚ್ಚಿದ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೆಟ್ಟರೆ ಹೊಸದು ಹಾಕುವುದೊಂದೇ ದಾರಿ. ಹಳೆಯ ಪಾಯಿಂಟ್‌ಗಳನ್ನು ಉಜ್ಜುಕಾಗದದಿಂದ ತೀಡಿದ ಬಳಿಕ, ಉಳಿದ ಧೂಳು ಹೋಗಲೆಂದು ಅವುಗಳ ನಡುವೆ ಒಂದು ಒಣ ಪೋಸ್ಟ್‌ಕಾರ್ಡನ್ನು ತೂರಿಸಿ ಮೆಲ್ಲಗೆ ಹೊರಗೆಳೆಯುತ್ತಿದ್ದರು. ಅದರ ಮೇಲೆ ಕಪ್ಪು ಗೆರೆ ಮೂಡದವರೆಗೂ ಎಳೆಯುತ್ತಲೇ ಇರುತ್ತಿದ್ದರು.