ಬೀರೂರಲ್ಲಿ ಕವಲೊಡೆದ ಹಾಡು

ಒಂದು ಪ್ರಶ್ನೆಯಿಂದ ಶುರು ಮಾಡೋಣ. 'ಗೀತಾ' ಚಿತ್ರದ 'ಜೊತೆಯಲಿ' ಹಾಡು ಯಾರದ್ದು?

ಕಡೂರಿನ ಆಟೋ ಸ್ಟ್ಯಾಂಡಿನಲ್ಲಿ ಕೇಳಿದರೆ 'ಶಂಕ್ರಣ್ಣಂದು ಸಾರ್' ಅಂತಾರೆ. ತರೀಕೆರೆಯ ಆರ್ಕೆಸ್ಟ್ರಾ ಗಾಯಕರನ್ನು ಕೇಳಿದರೆ 'ಎಸ್ಪಿಬಿ ಹಾಡು' ಅಂತಾರೆ. ಅಜ್ಜಂಪುರದಲ್ಲಿ ಹಳೇ ಕ್ಯಾಸೆಟ್ ಜೋಪಾನ ಮಾಡಿಟ್ಟವರು 'ಇಳಯರಾಜಾದು' ಅಂತಾರೆ. ಚೆನ್ನೈಗೆ ಹೋಗಿ, ಅದು ಅವರದೇ ತಮಿಳು ಹಾಡು. ಮುಂಬೈಗೆ ಹೋಗಿ, ಅದು ಅಮಿತಾಭ್ ಬಚ್ಚನ್ ಸಿನಿಮಾದ್ದು. ಎಲ್ಲರೂ ಸ್ವಲ್ಪ ಸ್ವಲ್ಪ ಸರಿ. ಆದರೆ ಒಬ್ಬರ ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ, ನೋಡಿ. ಆ ಹೆಸರಿಗೆ ಆಮೇಲೆ ಬರ್ತೀನಿ.

ಮೊದಲು ಇಸವಿಗಳನ್ನು ಸರಿಯಾಗಿ ಜೋಡಿಸಿಕೊಳ್ಳೋಣ. 'ಗೀತಾ' ಬಂದದ್ದು 1981ರಲ್ಲಿ. ನಿರ್ದೇಶಕರೂ ನಾಯಕರೂ ಶಂಕರ್‌ನಾಗ್, ನಾಯಕಿ ಅಕ್ಷತಾ ರಾವ್. 1976ರ 'ಅನ್ನಕ್ಕಿಳಿ'ಯಿಂದ ತಮಿಳಿನಲ್ಲಿ ಮನೆಮಾತಾಗಿದ್ದ ಇಳಯರಾಜ, ಹಿಂದಿನ ವರ್ಷವಷ್ಟೇ ಶಂಕರ್‌ನಾಗ್ ಅವರ 'ಜನ್ಮ ಜನ್ಮದ ಅನುಬಂಧ'ಕ್ಕೆ ಸಂಗೀತ ಕೊಟ್ಟಿದ್ದರು. 'ಜೊತೆಯಲಿ' ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ.

ಮೂರು ವರ್ಷ ಬಿಟ್ಟು, 1984ರಲ್ಲಿ, ಮಣಿವಣ್ಣನ್ ನಿರ್ದೇಶನದ ತಮಿಳು ಚಿತ್ರ 'ನೂರಾವದು ನಾಳ್' ಬಂತು. ಅದರಲ್ಲಿ 'ವಿಳಿಯಿಲೆ' ಅನ್ನೋ ಹಾಡಿದೆ. ಅದೇ ಟ್ಯೂನು, ಅದೇ ಇಬ್ಬರು ಗಾಯಕರು, ಮಾತು ಮಾತ್ರ ತಮಿಳು. ಕನ್ನಡದಲ್ಲಿ ಅದು ಪ್ರೇಮಕಥೆಯ ಹಾಡು, ಅಲ್ಲಿ ಕೊಲೆ ಸುತ್ತ ನಡೆಯೋ ಥ್ರಿಲ್ಲರ್ ಒಳಗೊಂದು ಹಾಡು. ಮತ್ತೆ 2007ರಲ್ಲಿ ಆರ್. ಬಾಲ್ಕಿ ಅವರ 'ಚೀನಿ ಕಮ್' ಬಂತು. ಇಳಯರಾಜ ತಮ್ಮದೇ ಹಳೇ ಟ್ಯೂನುಗಳನ್ನು ಅಲ್ಲಿ ಹೊಸದಾಗಿ ಕಟ್ಟಿದರು. 'ಜೊತೆಯಲಿ' ಶ್ರೇಯಾ ಘೋಷಾಲ್ ಕಂಠದಲ್ಲಿ 'ಜಾನೆ ದೋ ನಾ' ಆಯಿತು.

ಈ ಇಸವಿಗಳನ್ನು ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ? ಕನ್ನಡದ ಹಾಡಿಗೂ ಬೇರೆ ಭಾಷೆಯ ಹಾಡಿಗೂ ಹೋಲಿಕೆ ಕಂಡರೆ ಸಾಕು, 'ನಮ್ಮೋರು ಕದ್ದಿದ್ದಾರೆ' ಅಂತ ಮೊದಲು ತೀರ್ಪು ಕೊಡೋರು ನಾವೇ. ಇಲ್ಲಿ ದಾರಿ ಉಲ್ಟಾ. ಹಾಡು ಹೊರಟಿದ್ದು ಕನ್ನಡದಿಂದ.

ನಮ್ಮ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಬೆಂಗಳೂರಿನಿಂದ ಬರೋ ರೈಲು ಕಡೂರು ದಾಟಿ ಬೀರೂರಿಗೆ ಬರುತ್ತೆ. ಅಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ತರೀಕೆರೆಯ ರೈಲು ಅಜ್ಜಂಪುರದ ರೈಲನ್ನು ಕದ್ದಿದೆ ಅಂತ ಯಾರಾದರೂ ಹೇಳ್ತಾರಾ? ಬೀರೂರಿನವರೆಗೆ ದಾರಿ ಒಂದೇ, ಆಮೇಲೆ ಊರು ಬೇರೆ. ಟ್ಯೂನಿನ ಕಥೆಯೂ ಹಾಗೇ.

ಇಂಜಿನಿಯರಿಂಗ್ ಓದಿದವನ ಲೆಕ್ಕದಲ್ಲಿ ಹೇಳಬೇಕಂದ್ರೆ ಟ್ಯೂನು ಅನ್ನೋದು ಚಾಸಿಸ್. ಅದರ ಮೇಲೆ ಬಸ್ಸಿನ ಬಾಡಿಯನ್ನೂ ಕಟ್ಟಬಹುದು, ಲಾರಿ ಬಾಡಿಯನ್ನೂ ಕಟ್ಟಬಹುದು. ಆದರೆ ಬಸ್ಸು ಹತ್ತಿದ ಪ್ರಯಾಣಿಕ ಚಾಸಿಸ್ ನೋಡಲ್ಲ, ಕೂತ ಸೀಟು ನೋಡ್ತಾನೆ. ಹಾಡಿನಲ್ಲಿ ಆ ಸೀಟು ಯಾವುದು? ಮಾತು. ಸಾಹಿತ್ಯ.

ಈಗ ಆ ಹೆಸರು. ಚಿ. ಉದಯಶಂಕರ್. 'ಜೊತೆಯಲಿ' ಬರೆದವರು ಅವರು. ಟ್ಯೂನು ತಮಿಳಿಗೆ ಹೋದಾಗ ಅವರ ಮಾತು ಹೋಗಲಿಲ್ಲ. ಹಿಂದಿಗೆ ಹೋದಾಗಲೂ ಹೋಗಲಿಲ್ಲ. ಅವರ ಪಾಲಿನ ಹಾಡು ಇವತ್ತಿಗೂ ಇರೋದು ಕನ್ನಡದ ಬಾಯಲ್ಲಿ ಮಾತ್ರ. ಇಲ್ಲಿ ನಾವು ಹಾಡೋದು ನಿಲ್ಲಿಸಿದರೆ ಆ ಮಾತಿಗೆ ಬೇರೆ ಊರೇ ಇಲ್ಲ.

ಇನ್ನು ಕಾನೂನು. ಸಿನಿಮಾ ಹಾಡಿಗೆ ದುಡ್ಡು ಕೊಟ್ಟು ಬರೆಸಿದ ನಿರ್ಮಾಪಕನೇ ಸಾಮಾನ್ಯವಾಗಿ ಅದರ ಮಾಲೀಕ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. 'ಗೀತಾ' ತಯಾರಾದದ್ದು ಆ ಕಾಲದಲ್ಲಿ. ಇನ್ನೊಂದು ಬಾಗಿಲೂ ತೆರೆದಿತ್ತು. ಒಮ್ಮೆ ರೆಕಾರ್ಡ್ ಆದ ಹಾಡನ್ನು, ನೋಟಿಸ್ ಕೊಟ್ಟು ರಾಯಲ್ಟಿ ಕಟ್ಟಿ, ಬೇರೆಯವರ ದನಿಯಲ್ಲಿ ಮತ್ತೆ ರೆಕಾರ್ಡ್ ಮಾಡಬಹುದಿತ್ತು. ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಇಂಥ 'ವರ್ಷನ್' ಕ್ಯಾಸೆಟ್‌ಗಳಿಂದಲೇ ದೊಡ್ಡದಾಗಿ ಬೆಳೆಯಿತು. ರಫಿ ಹಾಡುಗಳನ್ನು ಹಾಗೆ ಹಾಡಿಕೊಂಡು ಬಂದ ಹುಡುಗ ಸೋನು ನಿಗಮ್, 2006ರಲ್ಲಿ 'ಮುಂಗಾರು ಮಳೆ'ಯ ದನಿಯಾಗಿ ನಮ್ಮ ಮನೆಗೂ ಬಂದರು. ಆದ್ದರಿಂದ ಕವರ್ ಹಾಡೋರನ್ನು ನಕಲಿಗಳು ಅಂತ ತಳ್ಳಿಹಾಕಬೇಡಿ. ಗಾಯಕನಿಗೆ ಅದೊಂದು ಶಾಲೆ.

2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಕವರ್ ಮಾಡೋಕೆ ಕಾಯಬೇಕಿದ್ದ ಎರಡು ವರ್ಷ ಹೋಗಿ ಐದು ವರ್ಷ ಆಯಿತು. ಕವರ್ ಮಾಡೋನು ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು, ಅದೂ ಮುಂಗಡವಾಗಿ. ಹೊದಿಕೆಯ ಮೇಲೆ 'ಇದು ಕವರ್' ಅಂತ ಹಾಕಬೇಕು. ಅದಕ್ಕಿಂತ ದೊಡ್ಡ ಬದಲಾವಣೆ ಅಂದ್ರೆ, ಸಿನಿಮಾ ಥಿಯೇಟರಿನ ಆಚೆ ಹಾಡು ಬಳಕೆಯಾದಾಗ ಬರೋ ರಾಯಲ್ಟಿಯಲ್ಲಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಸಮಪಾಲು. ಆ ಹಕ್ಕನ್ನು ಯಾರೂ ಬರೆಸಿಕೊಂಡು ಹೋಗೋ ಹಾಗಿಲ್ಲ. ಒಳ್ಳೇ ಕಾನೂನು. ಆದರೆ ಉದಯಶಂಕರ್ 1993ರಲ್ಲೇ ತೀರಿಕೊಂಡಿದ್ದರು.

2017ರ ಮಾರ್ಚ್‌ನಲ್ಲಿ ಏನಾಯ್ತು, ನೆನಪಿದೆಯಾ? ಅಮೆರಿಕ ಪ್ರವಾಸದಲ್ಲಿದ್ದ ಎಸ್ಪಿಬಿಗೆ ಇಳಯರಾಜ ಕಡೆಯಿಂದ ಲೀಗಲ್ ನೋಟಿಸ್ ಹೋಯಿತು. ಅನುಮತಿ ಇಲ್ಲದೆ ನನ್ನ ಹಾಡು ವೇದಿಕೆಯಲ್ಲಿ ಹಾಡಬೇಡಿ ಅಂತ. ಯಾರ ದನಿಯಿಂದ ಹಾಡು ಊರೂರಿಗೆ ತಲುಪಿತ್ತೋ ಅವರೇ ಹಾಡೋ ಹಾಗಿಲ್ಲ! ಎಸ್ಪಿಬಿ ಜಗಳಕ್ಕೆ ನಿಲ್ಲದೆ ಆ ಹಾಡುಗಳನ್ನು ಕೈಬಿಟ್ಟರು. 2019ರಲ್ಲಿ ಇಬ್ಬರೂ ಚೆನ್ನೈನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. 2020ರ ಸೆಪ್ಟೆಂಬರ್ 25ಕ್ಕೆ ಎಸ್ಪಿಬಿ ಹೋದರು.

ಆ ಹೊತ್ತಿಗೆ ಬಹಳ ಜನ ಇಳಯರಾಜಾಗೆ ಬೈದರು. ನಾನು ಬೈಯಲ್ಲ. ಟಿಕೆಟ್ ಮಾರಿ ಸಾವಿರಾರು ಜನ ಸೇರಿಸೋ ಕಾರ್ಯಕ್ರಮದಲ್ಲಿ ಹಾಡು ಹುಟ್ಟಿಸಿದವನು ಪಾಲು ಕೇಳಿದರೆ ತಪ್ಪೇನು? ಆದರೆ ಅದೇ ನ್ಯಾಯವನ್ನು ಪೂರ್ತಿ ಮಾಡಿ ಅಂತೀನಿ. ಹುಟ್ಟಿಸಿದವನು ಒಬ್ಬನೇ ಅಲ್ಲವಲ್ಲ? ಮಾತು ಕೊಟ್ಟವರ ಹೆಸರು ನೋಟಿಸಿನ ಜಗಳದಲ್ಲೂ ಬರಲಿಲ್ಲ, ಚಪ್ಪಾಳೆಯಲ್ಲೂ ಬರಲಿಲ್ಲ.

ನಮ್ಮ ಮೂರೂ ಊರುಗಳ ಗಾಯಕರು ಕೇಳೋ ಪ್ರಶ್ನೆ ಒಂದೇ, 'ನಾವು ಹಾಡಬಹುದಾ ಸಾರ್?' ಮದುವೆಮನೆಯಲ್ಲಿ ಧಾರಾಳವಾಗಿ ಹಾಡಿ, ಮದುವೆಗೆ ಸಂಬಂಧಿಸಿದ ಸಮಾರಂಭಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಹಾಡಿದರೂ ತೊಂದರೆ ಇಲ್ಲ. ಟಿಕೆಟ್ ಇಟ್ಟರೆ ಆಯೋಜಕರು ಪರವಾನಗಿ ತಗೊಳ್ಳಬೇಕು. ಆ ಖರ್ಚನ್ನು ಗಾಯಕನ ತಲೆಗೆ ಕಟ್ಟಬೇಡಿ. ಕೀಬೋರ್ಡ್, ತಬಲಾ, ರಿದಂ ಪ್ಯಾಡ್ ಅಂತ ಹತ್ತು ಜನ ಬದುಕುತ್ತಿದ್ದ ಜಾಗದಲ್ಲಿ ಈಗ ಒಂದು ಮೊಬೈಲು, ಒಂದು ಕರೋಕೆ ಟ್ರ್ಯಾಕು. ಉಳಿದಿರೋ ಒಬ್ಬ ಗಾಯಕನೂ ಹೆದರಿ ಮೈಕ್ ಇಟ್ಟರೆ ಉದಯಶಂಕರ್ ಮಾತು ಹಾಡೋರು ಯಾರು?

ಲೆಕ್ಕ ಹಾಕಿ ನೋಡಿ. ರೆಕಾರ್ಡಿಂಗಿನ ಹಕ್ಕು 60 ವರ್ಷ, ಅಂದರೆ 2041ರ ಕೊನೆಗೆ ಮುಗಿಯುತ್ತೆ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ, ಅಂದರೆ 2053ರ ಕೊನೆವರೆಗೆ. ಅಲ್ಲಿಂದಾಚೆಗೆ ಆ ಮಾತು ಎಲ್ಲರದ್ದು. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ 35 ವರ್ಷ. ಅವರ ಫೋಟೋ ಇವತ್ತಿಗೂ ಆಟೋ ಹಿಂದೆ ಇದೆ. ಅದನ್ನು ಯಾವ ಕಾನೂನೂ ಅಂಟಿಸಲಿಲ್ಲ, ಜನ ಅಂಟಿಸಿದರು.

ಉದಯಶಂಕರ್ ಅವರಿಗೆ ಅಂಥ ಫೋಟೋ ಇಲ್ಲ. ಅದಕ್ಕೇ ನನ್ನದೊಂದು ಕೋರಿಕೆ. ಈ ಗಣೇಶನ ಹಬ್ಬಕ್ಕೆ ಕಡೂರಿನಲ್ಲೋ ತರೀಕೆರೆಯಲ್ಲೋ ಅಜ್ಜಂಪುರದಲ್ಲೋ 'ಜೊತೆಯಲಿ' ಹಾಡುವ ಮುಂಚೆ ಮೈಕಿನಲ್ಲಿ ಒಂದು ಸಾಲು ಹೇಳಿ, 'ಸಾಹಿತ್ಯ: ಚಿ. ಉದಯಶಂಕರ್.' ಮೂರು ಸೆಕೆಂಡ್ ಸಾಕು. ಅದಕ್ಕೆ ಪರವಾನಗಿ ಬೇಕಿಲ್ಲ.