ಹೆಬ್ಬೆಟ್ಟಿನ ಗುರುತು ಮತ್ತು ನಮ್ಮ ಊರಿನ ಬ್ಯಾಂಕುಗಳು

ಉಡುಪಿಯನ್ನು ಬ್ಯಾಂಕುಗಳ ತೊಟ್ಟಿಲು ಎಂದು ಕರೆಯುವುದು ವಾಡಿಕೆ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹದ್ದೂರರ ಮುಂದಾಳತ್ವದಲ್ಲಿ ಇಲ್ಲಿ ಒಂದು ಬ್ಯಾಂಕು ಆರಂಭವಾಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಉಡುಪಿಯಲ್ಲೇ ಹುಟ್ಟುಹಾಕಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು ಮಣಿಪಾಲದಲ್ಲಿ ಕೇಂದ್ರ ಕಚೇರಿ ಕಟ್ಟಿತು.

ಈ ಇತಿಹಾಸವನ್ನು ನಾವು ಸ್ಥಾಪಕರ ಹೆಸರು ಮತ್ತು ಠೇವಣಿಯ ಮೊತ್ತಗಳಲ್ಲಿ ಹೇಳುತ್ತೇವೆ. ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಎದುರಿಗೆ ನಿಂತವನೇ ಖಾತೆಯ ನಿಜವಾದ ಒಡೆಯ ಎಂದು ಬ್ಯಾಂಕಿಗೆ ಹೇಗೆ ತಿಳಿಯುತ್ತಿತ್ತು?

1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಪಡೆಯುವ ಯೋಜನೆ ಅದು. ಕಾಪು, ಕಾರ್ಕಳದಂತಹ ಪೇಟೆಗಳಲ್ಲಿ ಪಿಗ್ಮಿ ಏಜೆಂಟನಿಗೆ ಗ್ರಾಹಕನ ಮುಖ, ಮನೆ, ಕಸುಬು ಎಲ್ಲವೂ ಗೊತ್ತು. ಹೊಸ ಖಾತೆ ತೆರೆಯಲು ಹಳೆಯ ಖಾತೆದಾರನೊಬ್ಬ ಪರಿಚಯದ ಸಹಿ ಹಾಕಬೇಕಿತ್ತು. ಅಕ್ಷರ ಬಾರದವರು ಅಧಿಕಾರಿಯ ಎದುರಲ್ಲೇ ಹೆಬ್ಬೆಟ್ಟು ಒತ್ತುತ್ತಿದ್ದರು. ಅಂದೂ ನಕಲಿ ಸಹಿಗಳಿದ್ದವು. ಆದರೆ ಮೋಸಗಾರ ಊರಿನ ಕಣ್ಣು ತಪ್ಪಿಸಬೇಕಿತ್ತು.

ಕ್ರಮೇಣ ಪರಿಚಯದ ಜಾಗಕ್ಕೆ ಕಾಗದ ಬಂತು. 2002ರಲ್ಲಿ ರಿಸರ್ವ್ ಬ್ಯಾಂಕ್ 'ನಿಮ್ಮ ಗ್ರಾಹಕರನ್ನು ಅರಿಯಿರಿ' ಎಂಬ ನಿಯಮಗಳನ್ನು ಹೊರಡಿಸಿತು. 2010ರಲ್ಲಿ ಆಧಾರ್ ಬಂತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ದೂರದೂರಿನಿಂದಲೂ ಹಣ ತೆಗೆಯುವ ಅನುಕೂಲ ದೊಡ್ಡದೇ. ಆದರೆ ಈಗ ನಮ್ಮನ್ನು ಗುರುತಿಸುವುದು ಮನುಷ್ಯನಲ್ಲ, ಸಂಖ್ಯೆ ಮತ್ತು ಯಂತ್ರ.

ಅದರ ಅಪಾಯ 2023ರಲ್ಲಿ ನೆರೆಯ ಮಂಗಳೂರಿನಲ್ಲೇ ಬಯಲಾಯಿತು. ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಹಲವರ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಗಿತ್ತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳಿಂದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು. ಈ ವ್ಯವಸ್ಥೆಗೆ ಒಟಿಪಿ ಬೇಕಿರಲಿಲ್ಲ. ಪೊಲೀಸರು ಮೂವರನ್ನು ಬಂಧಿಸಿದರು. ದಾಖಲೆಗಳಲ್ಲಿ ಬೆರಳಚ್ಚು ಮರೆಮಾಡಲು ಸರ್ಕಾರ ಕ್ರಮ ಕೈಗೊಂಡಿತು. ಇದರಲ್ಲಿ ಹಣ ಕಳೆದುಕೊಂಡವರ ತಪ್ಪೇನು? ಕಾನೂನು ಕೇಳಿದ್ದಕ್ಕೆ ಅವರು ಬೆರಳಚ್ಚು ಕೊಟ್ಟಿದ್ದರು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾದೀತೇ?

ಹಣ ಹೋದರೆ ಬೇಗ ತಿಳಿಯುತ್ತದೆ. ನಮ್ಮ ಹೆಸರಲ್ಲಿ ಇನ್ನಾರೋ ಸಾಲ ಪಡೆದರೆ, ಮಗಳ ಓದಿಗೋ ಮನೆ ಕಟ್ಟಲೋ ನಾವು ಸಾಲ ಕೇಳಿದ ದಿನವಷ್ಟೇ ತಿಳಿದೀತು. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಸೇರಿದಂತೆ ನಾಲ್ಕು ಕಂಪನಿಗಳು ನಮ್ಮ ಸಾಲದ ಚರಿತ್ರೆ ಬರೆದಿಡುತ್ತವೆ. ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಉಚಿತ ವರದಿ ಪಡೆಯುವ ಹಕ್ಕು 2017ರಿಂದ ನಮಗಿದೆ. ವರದಿಯಲ್ಲಿ ನಮ್ಮದಲ್ಲದ ಸಾಲ ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಇನ್ನೊಬ್ಬರ ಗುರುತನ್ನು ವಂಚನೆಗೆ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಜೈಲುಶಿಕ್ಷೆಯ ಅಪರಾಧ.

ನಾವು ಮಾಡಬಹುದಾದ ಕೆಲಸಗಳೂ ಇವೆ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಎಲ್ಲೆಡೆ ಪೂರ್ಣ ಸಂಖ್ಯೆ ಕೊಡುವ ಬದಲು ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿ ಕೊಡಬಹುದು. ಗಲ್ಫಿನಲ್ಲಿರುವ ಮಗನ ಪಾಸ್‌ಪೋರ್ಟ್ ಪ್ರತಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬರದಿರೋಣ. ಕೊಟ್ಟ ಪ್ರತಿಯ ಮೇಲೆ ಉದ್ದೇಶ, ದಿನಾಂಕ ಬರೆಯೋಣ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸೋಣ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಆದರೂ ಗ್ರಾಹಕನಿಗೆ ಮಾತ್ರ ಬುದ್ಧಿ ಹೇಳಿದರೆ ಸಾಲದು. ಎರಡಾಣೆ ಇಟ್ಟವನನ್ನೂ ಗುರುತು ಹಿಡಿಯುತ್ತಿದ್ದ ಊರು ಇದು. ನಮ್ಮ ಬೆರಳಚ್ಚು ಪಡೆದ ಕಚೇರಿಯೂ ಬ್ಯಾಂಕೂ ಅದನ್ನು ಕಾಯುವ ಹೊಣೆಯನ್ನೂ ಹೊತ್ತಿವೆ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.