ಗಿರ್ಸುವಿನ ಜವೆಗೋಧಿ, ಲಾರ್ಸಾದ ಲೆಕ್ಕ: ಸುಮೇರಿನ ಸವಳು ವಾದಕ್ಕೊಂದು ಆಕ್ಷೇಪ

ಸುಮೇರ್ ನಾಗರಿಕತೆಯನ್ನು ಸವಳು ನುಂಗಿತು ಎನ್ನುವವರೆಲ್ಲ ಥಾರ್ಕಿಲ್ಡ್ ಯಾಕೊಬ್ಸನ್ ಮತ್ತು ರಾಬರ್ಟ್ ಆಡಮ್ಸ್ 1958ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬರೆದ ಲೇಖನದ ಮೂರು ಅಂಕಿಗಳನ್ನು ಎತ್ತಿಕೊಳ್ಳುತ್ತಾರೆ. ಹೆಕ್ಟೇರಿಗೆ ಜವೆಗೋಧಿಯ ಇಳುವರಿ ಕ್ರಿ.ಪೂ. 2400ರ ಸುಮಾರಿಗೆ 2537 ಲೀಟರು. 2100ರ ವೇಳೆಗೆ 1460. 1700ರ ವೇಳೆಗೆ 897. ಈ ಅಂಕಿಗಳು ಯಾವ ಊರಿನವೆಂದು ಉದ್ಧರಿಸುವವರು ಹೇಳುವುದು ಅಪರೂಪ.

ಮೊದಲ ಎರಡು ಗಿರ್ಸುವಿನವು, ಮೂರನೆಯದು ಲಾರ್ಸಾದ್ದು. ಊರು ಬೇರೆ, ಆಳ್ವಿಕೆ ಬೇರೆ, ಲೆಕ್ಕ ಬರೆದವರ ಉದ್ದೇಶವೂ ಬೇರೆ. ಒಂದೇ ನೆಲ ಏಳುನೂರು ವರ್ಷ ಕೆಡುತ್ತ ಬಂತು ಎನ್ನಬೇಕಾದರೆ ಆ ನೆಲದ್ದೇ ಲೆಕ್ಕ ಬೇಕು. ಗಿರ್ಸುವಿನೊಳಗಿನ ಇಳಿತವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳಪೆ ಭೂಮಿಯನ್ನೂ ಉಳುಮೆಗೆ ಎಳೆದರೆ, ಬಿತ್ತನೆಯ ಪ್ರಮಾಣ ಬದಲಾದರೆ, ಬೀಳು ಬಿಡುವ ಅವಧಿ ಮೊಟಕಾದರೆ ಸರಾಸರಿ ಇಳುವರಿ ಸವಳಿಲ್ಲದೆಯೂ ಕುಸಿಯುತ್ತದೆ. ಮಾರ್ವಿನ್ ಪೊವೆಲ್ 1985ರಲ್ಲಿ ಬೀಜ ಮತ್ತು ಇಳುವರಿಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ ಯಾಕೊಬ್ಸನ್ನರ ವಾದವನ್ನು ಗಟ್ಟಿಯಾಗಿ ಪ್ರಶ್ನಿಸಿದ್ದರು. ಆ ಪ್ರಶ್ನೆಯ ನಂತರವೂ ಹಳೆಯ ಅಂಕಿಗಳನ್ನೇ ಪ್ರಮಾಣವೆಂಬಂತೆ ಉದ್ಧರಿಸುವುದು ಸಂಶೋಧನೆಯಲ್ಲ. (ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಾಳುವ ಜವೆಗೋಧಿ ಮುಂದೆ ಬಂತೆಂಬ ಯಾಕೊಬ್ಸನ್ ಮತ್ತು ಆಡಮ್ಸರ ಇನ್ನೊಂದು ಆಧಾರಕ್ಕೆ ತೂಕವಿದೆ. ಆದರೂ ಬೆಳೆಯ ಆಯ್ಕೆಯನ್ನು ತೆರಿಗೆಯೂ ತೀರ್ಮಾನಿಸಬಲ್ಲದು, ಊಟದ ರೂಢಿಯೂ ತೀರ್ಮಾನಿಸಬಲ್ಲದು.)

ನನ್ನ ದೃಷ್ಟಿಯಲ್ಲಿ ಈ ಇಳುವರಿಯ ಅಂಕಿಗಳಿಗಿಂತ ಬೆಲೆಯುಳ್ಳ ಸಾಕ್ಷ್ಯ ಮೆಕ್‌ಗ್ವೈರ್ ಗಿಬ್ಸನ್ 1974ರಲ್ಲಿ ಮುಂದಿಟ್ಟದ್ದು. ದಕ್ಷಿಣ ಇರಾಕಿನ ರೈತರು ಒಂದು ವರ್ಷ ಬೆಳೆ ತೆಗೆದು ಮರುವರ್ಷ ಹೊಲವನ್ನು ಬೀಳು ಬಿಡುತ್ತಿದ್ದರು. ಆ ಬೀಳಿನಲ್ಲಿ ಶೋಕ್, ಆಗುಲ್ ಎಂಬ ಮುಳ್ಳುಗಿಡಗಳು ತಾವಾಗಿ ಏಳುತ್ತವೆ. ಶೋಕ್ ನಮ್ಮ ಬನ್ನಿಯ ಕುಲದ್ದೇ ಗಿಡ. ಅವುಗಳ ಆಳದ ಬೇರು ಕೆಳಮಣ್ಣಿನ ತೇವವನ್ನು ಹೀರಿ ಒಣಗಿಸುತ್ತದೆ. ಉಪ್ಪುನೀರು ಮೇಲೇರಿ ಆವಿಯಾಗಿ ಮೇಲ್ಮಣ್ಣಿನಲ್ಲಿ ಉಪ್ಪು ಕೂರುವುದು ಇದರಿಂದ ತಪ್ಪುತ್ತದೆ. ಮುಂದಿನ ಬೆಳೆಗೆ ಹಾಯಿಸಿದ ನೀರು ಮೇಲಿನ ಉಪ್ಪನ್ನು ತೊಳೆದು, ಒಣಗಿದ ಆ ಪದರಕ್ಕೆ ಇಳಿಸುತ್ತದೆ. ಹೊರಗಿನವರಿಗೆ ಪಾಳು ಬಿದ್ದಂತೆ ಕಾಣುವ ಹೊಲವೇ ಅಲ್ಲಿ ಬಸಿಗಾಲುವೆಯ ಕೆಲಸ ಮಾಡುತ್ತಿತ್ತು. ಇಳುವರಿ ಹೆಚ್ಚಿಸುವ ಆತುರದಲ್ಲಿ ಅಧಿಕಾರ ಈ ಬೀಳನ್ನು ಮುರಿದಾಗ ಅನಾಹುತವಾಯಿತೆಂಬುದು ಗಿಬ್ಸನ್ನರ ವಾದ. ಅವರ ತೀರ್ಮಾನದ ವ್ಯಾಪ್ತಿಯ ಬಗ್ಗೆ ನನಗೆ ಅನುಮಾನವಿದ್ದರೂ ಮಣ್ಣಿನೊಳಗಿನ ಈ ಕ್ರಿಯೆಯ ವಿವರಣೆಯನ್ನು ಪೂರ್ತಿ ಒಪ್ಪುತ್ತೇನೆ.

ನೆರೆಯ ಉಮ್ಮಾ ನಗರದೊಡನೆ ನೀರಿನ ಜಗಳವಾಡಿದ ಗಿರ್ಸುವಿನ ದೊರೆ ಎಂಟೆಮೆನ ಟೈಗ್ರಿಸ್‌ನಿಂದ ಕಾಲುವೆ ತಂದದ್ದರಿಂದ ಅಂತರ್ಜಲ ಏರಿತೆಂದು ಯಾಕೊಬ್ಸನ್ ಹೇಳಿದ್ದು ಸಂಭವನೀಯವೇ. ಆದರೆ ಏರಿದ ನೀರನ್ನು ಹಿಡಿದಿಡುವ ಉಪಾಯ ರೈತರಿಗಿತ್ತೇ, ಇದ್ದದ್ದು ಯಾವಾಗ ತಪ್ಪಿತು ಎಂಬುದನ್ನು ಕೇಳದೆ ಕಾಲುವೆಯೊಂದನ್ನೇ ದೂರುವುದು ಅರ್ಧ ಇತಿಹಾಸ.

ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮಿತ ನೀರಿನ ಬೆಳೆಗಳಿಗೆಂದು ರೂಪಿಸಿದ ನೆಲದಲ್ಲಿ ಭತ್ತ ಹರಡಿತು, ಅಲ್ಲಿನ ನೆಲಕ್ಕೆ ಒಣಗುವ ಬಿಡುವು ಸಿಗಲಿಲ್ಲ. ಅದನ್ನು ವಿವರಿಸಹೊರಟವರು ಸುಮೇರನ್ನು ಅವಶ್ಯವಾಗಿ ನೆನೆಯಲಿ. ಆದರೆ 2537ರ ಪಕ್ಕದಲ್ಲಿ ಗಿರ್ಸು ಎಂದೂ, 897ರ ಪಕ್ಕದಲ್ಲಿ ಲಾರ್ಸಾ ಎಂದೂ ಬರೆಯಲಿ. ಬೀಳಿನ ಲೆಕ್ಕವನ್ನೂ ಜೊತೆಗಿಡಲಿ.